ವಾರಕ್ಕೆ ಏಳು ಜೋಡಿ ಗೆರೆ: ದೀನತೆಯನ್ನು ಲೆಕ್ಕ ಇಟ್ಟು ಕಲಿಯುವುದು

‘ಇವತ್ತಿನಿಂದ ದೀನನಾಗಿರುತ್ತೇನೆ’ ಎಂದು ಸಂಕಲ್ಪ ಮಾಡಿಕೊಂಡರೆ ಸಂಜೆಯ ಹೊತ್ತಿಗೆ ಅದು ನೆನಪಿನಲ್ಲೇ ಇರುವುದಿಲ್ಲ. ದೀನತೆ, ಎಂದರೆ ಅಹಂಕಾರವಿಲ್ಲದ ವಿನಯ, ಹಿಡಿತಕ್ಕೆ ಸಿಗದಷ್ಟು ದೊಡ್ಡ ಮಾತು. ಹಿಡಿತಕ್ಕೆ ಸಿಗುವುದು ಒಂದು ಸಣ್ಣ ಚಾಳಿ. ಯೇಸುಸಭೆಯನ್ನು (ಜೆಸ್ಯೂಟ್ ಸಂಘ) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ ಅವರ ಪುಸ್ತಕ ‘ಆಧ್ಯಾತ್ಮಿಕ ಸಾಧನೆ’ 1548ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಹೇಳಿಕೊಟ್ಟಿರುವ ವಿಶೇಷ ಆತ್ಮಪರಿಶೋಧನೆ ಇಂಥ ಒಂದೇ ಚಾಳಿಯ ಬೆನ್ನು ಹತ್ತುವ ಕ್ರಮ. ನಾನು ಅನುಸರಿಸುವುದೂ ಅದನ್ನೇ.

ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ ಸಾಕು. ಒಂದು ಪುಟದಲ್ಲಿ ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ. ಮೇಲಿನ ಗೆರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನದು, ಕೆಳಗಿನದು ಮಧ್ಯಾಹ್ನದಿಂದ ರಾತ್ರಿಯವರೆಗಿನದು. ಎದ್ದ ಕೂಡಲೇ ಆ ಒಂದು ಚಾಳಿಯ ವಿಷಯದಲ್ಲಿ ಎಚ್ಚರವಾಗಿರುತ್ತೇನೆಂದು ನಿಶ್ಚಯಿಸಬೇಕು. ಮಧ್ಯಾಹ್ನದ ಊಟವಾದ ಮೇಲೆ ಎದ್ದ ಗಳಿಗೆಯಿಂದ ಗಂಟೆಗಂಟೆಯಾಗಿ ನೆನೆದು, ಎಷ್ಟು ಸಲ ಜಾರಿದೆವೋ ಅಷ್ಟು ಚುಕ್ಕೆ ಇಡಬೇಕು. ರಾತ್ರಿ ಊಟದ ನಂತರ ಎರಡನೇ ಗೆರೆಯ ಮೇಲೆ ಹಾಗೆಯೇ. ಆಮೇಲೆ ಹೋಲಿಕೆ: ಮೇಲಿನ ಗೆರೆಗೂ ಕೆಳಗಿನದಕ್ಕೂ, ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ. ಜಾರಿದ ಆ ಕ್ಷಣದಲ್ಲೇ ಎದೆಯ ಮೇಲೆ ಕೈ ಇಡಿ ಎಂದೂ ಇಗ್ನೇಷಿಯಸ್ ಹೇಳುತ್ತಾರೆ. ನಾಲ್ಕು ಜನರ ನಡುವೆ ಕೂತಿದ್ದರೂ ಯಾರ ಗಮನಕ್ಕೂ ಬಾರದಂತೆ ಮಾಡಬಹುದಾದ ಕೆಲಸ ಅದು. ಇದನ್ನು ಬಿಟ್ಟರೆ ಮಧ್ಯಾಹ್ನ ಏನೂ ನೆನಪಿಗೆ ಬರುವುದಿಲ್ಲ.

ಹೆಚ್ಚಿನವರ ಪುಸ್ತಕ ಮೂಲೆಗೆ ಬೀಳುವುದು ಚಾಳಿಯ ಆಯ್ಕೆಯಲ್ಲಿ ಎಡವಿದ್ದರಿಂದ. ‘ಅಹಂಕಾರ’ ಎಂದು ಬರೆದುಕೊಂಡರೆ ಚುಕ್ಕೆ ಇಡುವುದು ಯಾವುದಕ್ಕೆ? ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದು ಬೇಕು. ‘ನಾನು ಆವತ್ತೇ ಹೇಳಿದ್ದೆ’ ಎನ್ನುವುದು. ಬೇರೆಯವರು ತಮ್ಮ ಕಾಯಿಲೆಯ ಕಥೆ ಹೇಳುತ್ತಿರುವಾಗ ನಡುವೆ ನಮ್ಮ ಕಾಯಿಲೆ ತರುವುದು. ಕೊಟ್ಟ ದುಡ್ಡನ್ನು ಯಾವುದಾದರೂ ನೆಪದಲ್ಲಿ ಮಾತಿಗೆ ಎಳೆಯುವುದು. ಇಗ್ನೇಷಿಯಸ್ ಪ್ರಕಾರ ವೈರಿಯ, ಅಂದರೆ ಸೈತಾನನ, ಬಲೆಗೆ ಮೂರು ಮೆಟ್ಟಿಲು: ಮೊದಲು ಐಶ್ವರ್ಯದ ಆಸೆ, ಆಮೇಲೆ ಲೋಕದ ಮಾನಮರ್ಯಾದೆ, ಕೊನೆಗೆ ಅಹಂಕಾರ. ನನ್ನ ಲೆಕ್ಕದಲ್ಲಿ ಕೆಲಸ ಶುರುಮಾಡಬೇಕಾದದ್ದು ನಡುವಿನ ಮೆಟ್ಟಿಲಲ್ಲಿ. ಮೂರನೆಯದು ಒಳಗೆ ಅಡಗಿ ಕೂತಿರುತ್ತದೆ. ಎರಡನೆಯದು ಬಾಯಿಗೆ ಬರುತ್ತದೆ.

ಅದು ಹೇಗೆ ಬರುತ್ತದೆ ಎಂದು ನೋಡಬೇಕಿದ್ದರೆ ಚರ್ಚಿನ ವಾರ್ಷಿಕ ಹಬ್ಬ ಒಳ್ಳೆಯ ಜಾಗ. ಬಲಿಪೂಜೆ ಮುಗಿದು ವಂದನಾರ್ಪಣೆ ಶುರುವಾಗುತ್ತದೆ. ಹೂವಿನ ಅಲಂಕಾರ ಮಾಡಿದವರು, ಗಾಯನ ವೃಂದ, ಶಾಮಿಯಾನ, ಮೈಕ್‌ಸೆಟ್, ಎಲ್ಲರ ಹೆಸರೂ ಬಂತು. ಮೂರು ದಿನ ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚಿದವರ ಹೆಸರು ಬಿಟ್ಟುಹೋಯಿತು. ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ‘ನನಗೇನೂ ಬೇಜಾರಿಲ್ಲ, ಆದರೆ ಪಾಪ ಉಳಿದವರಿಗೆ...’ ಎಂಬ ಮಾತು ಹೊರಡುತ್ತದೆ. ಕಿವಿ ಬಿಸಿಯಾದದ್ದಕ್ಕೆ ಚುಕ್ಕೆ ಇಲ್ಲ, ಅದು ನಮ್ಮ ಕೈಯಲ್ಲಿಲ್ಲ. ಚುಕ್ಕೆ ಬೀಳುವುದು ಆ ವಾಕ್ಯಕ್ಕೆ. ‘ಅಯ್ಯೋ, ನನ್ನಿಂದ ಏನಾಗುತ್ತೆ ಬಿಡಿ’ ಎಂದು ಹೊಗಳಿಕೆಗೆ ಗಾಳ ಹಾಕುವುದಕ್ಕೂ ಒಂದು ಚುಕ್ಕೆ. ನನ್ನನ್ನು ಕೇಳಿದರೆ ಎರಡು ಇಟ್ಟರೂ ತಪ್ಪಿಲ್ಲ.

ಮೊದಲ ವಾರದ ಮಧ್ಯದಲ್ಲಿ ಚುಕ್ಕೆಗಳು ಏರುತ್ತವೆ. ಹೆದರಬೇಕಿಲ್ಲ, ಚಾಳಿ ಹೆಚ್ಚಿಲ್ಲ, ಕಣ್ಣು ತೆರೆದಿದೆ. ಅನುಮಾನ ಪಡಬೇಕಾದದ್ದು ಇದ್ದಕ್ಕಿದ್ದಂತೆ ಇಳಿದಾಗ. ಎದೆಯ ಮೇಲೆ ಕೈ ಇಡುವುದು ನಿಂತಿರುತ್ತದೆ. ಇನ್ನು ಕೆಲವರಿಗೆ ಲೆಕ್ಕವೇ ಹಟವಾಗಿಬಿಡುತ್ತದೆ. ಉಸಿರಾಡಿದ್ದಕ್ಕೂ ಚುಕ್ಕೆ ಇಡುತ್ತಾರೆ, ರಾತ್ರಿ ನಿದ್ದೆ ಇಲ್ಲ. ಅಂಥವರು ಪುಸ್ತಕ ಮುಚ್ಚಿಟ್ಟು, ಪಾಪನಿವೇದನೆ ಕೇಳುವ ಗುರುಗಳ ಹತ್ತಿರ ಮಾತಾಡಿ, ಅವರು ಹೇಳಿದಷ್ಟೇ ಮಾಡುವುದು ಲೇಸು. ಇನ್ನೂ ಒಂದು ಮಾತು: ಬರಬೇಕಾದ ಕೂಲಿ ಕೇಳುವುದು, ಮನೆಯಲ್ಲಿ ಹೊಡೆತ ಬಿದ್ದರೆ ಬಾಯಿಬಿಟ್ಟು ಹೇಳುವುದು ಚುಕ್ಕೆಗೆ ಸೇರಿದ್ದಲ್ಲ. ಅನ್ಯಾಯ ನುಂಗಿಕೊಂಡಿರುವುದನ್ನು ದೀನತೆ ಎಂದು ಕಲಿಸಿದವರು ಸುಮಾರು ಜನರಿದ್ದಾರೆ, ಅವರ ಮಾತಿಗೆ ಕಿವಿಗೊಡಬೇಡಿ.

ಬರೀ ಚುಕ್ಕೆ ಎಣಿಸಿದರೆ ಮನಸ್ಸು ಒಣಗುತ್ತದೆ. ಆದ್ದರಿಂದ ರಾತ್ರಿ ಅದರ ಜೊತೆಗೆ ಸಾಮಾನ್ಯ ಪರಿಶೋಧನೆಯೂ ಇರಬೇಕು. ಹತ್ತು ಹದಿನೈದು ನಿಮಿಷ ಸಾಕು. ಮೊದಲು ಆ ದಿನ ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ, ಆಮೇಲೆ ತಪ್ಪನ್ನು ಕಾಣುವ ವರ ಬೇಡುವುದು, ಯೋಚನೆ, ಮಾತು, ಕೃತ್ಯ ಈ ಕ್ರಮದಲ್ಲಿ ದಿನವನ್ನು ನೋಡುವುದು, ಕ್ಷಮೆ, ನಾಳೆಯ ನಿಶ್ಚಯ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ ಮುಗಿಸುವುದು. ಕೃತಜ್ಞತೆಯನ್ನು ಮೊದಲೇ ಇಟ್ಟಿರುವುದಕ್ಕೆ ಕಾರಣವಿದೆ. ತಪ್ಪಿನಿಂದ ಶುರುಮಾಡಿದರೆ ಹತ್ತು ನಿಮಿಷವೂ ನಮ್ಮ ಬಗ್ಗೆಯೇ ಕಳೆಯುತ್ತದೆ, ಅಲ್ಲಿಗೆ ಅದೂ ಒಂದು ಬಗೆಯ ಸ್ವಪೂಜೆ. ‘ಸಂಜೆ ಪಕ್ಕದ ಮನೆಯವರು ಬಟ್ಟೆ ಮಳೆಗೆ ನೆನೆಯದಂತೆ ತೆಗೆದಿಟ್ಟರು’ ಎನ್ನುವಷ್ಟು ನಿರ್ದಿಷ್ಟವಾಗಿ ಹೇಳಬೇಕು. ‘ಎಲ್ಲದಕ್ಕೂ ವಂದನೆ’ ಎಂದರೆ ಯಾವುದಕ್ಕೂ ಹೇಳಿದಂತಾಗುವುದಿಲ್ಲ.

ಈ ಅಭ್ಯಾಸದಿಂದ ಸಂತೋಷವೂ ಸಿಗುತ್ತದೆ, ಆದರೆ ಸಂತೋಷ ಎಂದರೆ ಇಲ್ಲಿ ಸಡಗರವಲ್ಲ. ‘ನಾನು ಹೇಗೆ ಕಂಡೆ’ ಎಂದು ದಿನವಿಡೀ ಕಾವಲು ಕಾಯುವ ಕೆಲಸ ತಪ್ಪುತ್ತದೆ, ಆ ಬಿಡುವಿನಲ್ಲಿ ಎದುರಿನವರ ಮಾತು ಪೂರ್ತಿ ಕೇಳಿಸುತ್ತದೆ. ವಿಶ್ವಾಸ, ನಿರೀಕ್ಷೆ, ಪ್ರೀತಿ ಹೆಚ್ಚುವುದನ್ನೂ ಒಳಗಿನ ಆನಂದವನ್ನೂ ಇಗ್ನೇಷಿಯಸ್ ಸಾಂತ್ವನ ಎಂದೇ ಕರೆಯುತ್ತಾರೆ. ಅದು ದಿನಾ ಇರುವುದಿಲ್ಲ. ಪ್ರಾರ್ಥನೆ ಮರಳು ಅಗಿದಂತಾಗುವ ದಿನಗಳು ಬಂದೇ ಬರುತ್ತವೆ, ಆಗ ಹಿಂದೆ ಮಾಡಿದ ನಿಶ್ಚಯವನ್ನು ಬದಲಿಸಕೂಡದು ಎಂಬುದು ಅವರ ಕಟ್ಟುನಿಟ್ಟಾದ ನಿಯಮ. ಪ್ರಾರ್ಥನೆಯನ್ನು ಮೊಟಕು ಮಾಡುವ ಬದಲು ಸ್ವಲ್ಪ ಹೆಚ್ಚಿಸಬೇಕು.

ಪುಟದ ಗೆರೆಗಳು ಸತತವಾಗಿ ಮೂರು ನಾಲ್ಕು ವಾರ ಹೆಚ್ಚುಕಡಿಮೆ ಖಾಲಿ ಉಳಿದರೆ ಚಾಳಿ ಬದಲಿಸಬಹುದು. ಹಳೆಯ ಪುಟಗಳನ್ನು ಯಾರಿಗೂ ತೋರಿಸಬೇಡಿ, ಹರಿದು ಹಾಕಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಹೊಸದಾಗಿ ಶುರುಮಾಡುವವರು ಒಂದೇ ಚಾಳಿಯನ್ನು ನಲವತ್ತು ದಿನವೂ ಹಿಡಿಯಿರಿ, ನಡುವೆ ಎರಡನೆಯದನ್ನು ಸೇರಿಸಬೇಡಿ.