ಎಣ್ಣೆಬಣ್ಣ ಕಲಿಯಲು ರವಿವರ್ಮನ ಒಂದು ಮುಖ ಸಾಕು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ಅದು ರವಿವರ್ಮನದೇ ಅಂತ ಎಷ್ಟೋ ಜನ ನಂಬಿದ್ದಾರೆ. ಅಲ್ಲ, ಅದು ಹಲ್ದಣಕರ್ ಅವರದು. ಅದೂ ಜಲವರ್ಣ! ಎಣ್ಣೆಬಣ್ಣ ಕಲಿಯುವವರಿಗೆ ಬೇಕಾದದ್ದು ಅದೇ ಸಂಗ್ರಹದ ಇನ್ನೊಂದು ಚಿತ್ರ, ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’. ಅದರಲ್ಲಿ 11 ಹೆಂಗಸರಿದ್ದಾರೆ. ನಕಲು ಮಾಡಲು ಒಂದು ಮುಖ ಆರಿಸಿಕೊಳ್ಳಿ.

ಎದುರಿಗೆ ಕೂತ ಮನುಷ್ಯ ಅಲುಗಾಡುತ್ತಾನೆ, ಕಿಟಕಿಯ ಬೆಳಕೂ ಸರಿಯುತ್ತದೆ. ಚಿತ್ರದಲ್ಲಿ ಆ ತಂಟೆಯಿಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇವತ್ತಿಗೂ ಈಸೆಲ್ ಹಾಕಿಕೊಂಡು ನಕಲು ಮಾಡುವವರಿದ್ದಾರೆ. ಷರತ್ತು ಏನಂದರೆ ನಕಲು ಮೂಲದ ಅಳತೆಯಲ್ಲಿ ಇರಕೂಡದು, ಮೂಲ ಕಲಾವಿದನ ಸಹಿಯನ್ನೂ ಹಾಕಕೂಡದು.

ಮುಖದ ಒಳ್ಳೆಯ ಪ್ರಿಂಟ್ ಎರಡು ತೆಗೆಸಿ, ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು. 12x16 ಇಂಚಿನ ಕ್ಯಾನ್ವಾಸ್ ಸಾಕು. ಬಣ್ಣ ಆರೇ ಆರು: ಟೈಟಾನಿಯಂ ವೈಟ್, ಎಲ್ಲೋ ಆಕರ್, ವರ್ಮಿಲಿಯನ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ. ಕಪ್ಪು ಕೊಳ್ಳಬೇಡಿ. ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಅದಕ್ಕಿಂತ ಚೆಂದದ ಕಪ್ಪು ಬರುತ್ತದೆ.

ಮೊದಲ ದಿನ ಅಂಬರ್ ಅನ್ನು ಟರ್ಪಂಟೈನ್‌ನಲ್ಲಿ ತೆಳುವಾಗಿಸಿ, ಬಟ್ಟೆಯಿಂದ ಕ್ಯಾನ್ವಾಸ್ ತುಂಬ ಒರೆಸಿ. ಬರೀ ಬಿಳಿಯ ಮೇಲೆ ಯಾವ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಅದಕ್ಕೇ ಈ ಕಂದು ನೆಲ. ಒಣಗಿದ ಮೇಲೆ ಪ್ರಿಂಟಿಗೂ ಕ್ಯಾನ್ವಾಸ್‌ಗೂ ಅಷ್ಟೇ ಚೌಕ ಹಾಕಿ, ಚೌಕಕ್ಕೆ ಚೌಕ ನೋಡಿಕೊಂಡು ಇದ್ದಿಲಲ್ಲಿ ಮುಖ ಬರೆಯಿರಿ. ಬರೆದದ್ದನ್ನು ಕನ್ನಡಿಯಲ್ಲಿ ನೋಡಿ. ಸೊಟ್ಟ ಮೂಗು ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಈಗ ಎಲ್ಲರೂ ಹಾರಿಸಿಬಿಡುವ ಹಂತ. ಬಣ್ಣಕ್ಕೆ ಕೈ ಹಾಕುವ ಮೊದಲು ಇಡೀ ಮುಖವನ್ನು ಅಂಬರ್ ಮತ್ತು ಬಿಳಿಯಲ್ಲೇ ಮುಗಿಸಬೇಕು. ಗಾಢದಿಂದ ತಿಳಿಯವರೆಗೆ ಐದು ಗುಡ್ಡೆ ಮೊದಲೇ ಕಲಸಿಟ್ಟುಕೊಳ್ಳಿ. ಕಪ್ಪು ಬಿಳುಪು ಪ್ರಿಂಟನ್ನು ಕಣ್ಣು ಕಿರಿದು ಮಾಡಿ ನೋಡಿ. ರೆಪ್ಪೆ, ಮೂಗುತಿ ಎಲ್ಲ ಮಾಯವಾಗಿ ನೆರಳಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಮೊದಲು ಅವನ್ನೇ ಹಾಕಿ. ಎರಡು ಮೂರು ಸಲ ಕೂರಬೇಕಾದೀತು, ಕೂರಿ.

ನಾನು ಕೂರಲಿಲ್ಲ. ನನ್ನ ಮೊದಲ ನಕಲಿನಲ್ಲಿ ನೇರ ಬಣ್ಣಕ್ಕಿಳಿದೆ, ಕಣ್ಣಿನ ಬಿಳಿಗೆ ಟ್ಯೂಬಿನ ಬಿಳಿಯನ್ನೇ ಬಳಿದೆ. ‘ಇವಳ್ಯಾಕೆ ಹೀಗೆ ಹೆದರಿಕೊಂಡಿದ್ದಾಳೆ?’ ಅಂದರು ಮನೆಯಲ್ಲಿ. ನೀವೇ ಪರೀಕ್ಷೆ ಮಾಡಿ. ಬಿಳಿ ಕಾಗದದಲ್ಲಿ ಕಾಳುಮೆಣಸಿನಷ್ಟು ತೂತು ಮಾಡಿ, ಪ್ರಿಂಟಿನಲ್ಲಿ ಕಣ್ಣಿನ ಬಿಳಿಯ ಮೇಲಿಡಿ. ತೂತಿನಲ್ಲಿ ಕಾಣುವುದು ಬೂದು! ಅದೇ ತೂತನ್ನು ಕೆನ್ನೆಯ ಬೆಳಕು ನೆರಳಿಗೆ ತಿರುಗುವ ಜಾಗಕ್ಕೆ ಸರಿಸಿ. ಚರ್ಮದ ಬಣ್ಣ ಅಂದುಕೊಂಡಿದ್ದ ಕಡೆ ಮಾಸಲು ಹಸಿರಿನ ಛಾಯೆ ಕಂಡರೆ ಗಾಬರಿಯಾಗಬೇಡಿ, ಕಂಡದ್ದನ್ನೇ ಕಲಸಿ.

ಅಂಬರ್ ಬೇಗ ಒಣಗುತ್ತದೆ, ಆದರೂ ಮಳೆಗಾಲದಲ್ಲಿ ಒಂದು ವಾರ ಬಿಡಿ. ಆಮೇಲೆ ಬಣ್ಣ. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲಿನದರಲ್ಲಿ ಜಾಸ್ತಿ ಇರಲಿ. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ. ಅದಕ್ಕೇ ಈಗ ಬಣ್ಣಕ್ಕೆ ತುಸು ಲಿನ್ಸೀಡ್ (ಅಗಸೆ) ಎಣ್ಣೆ ಸೇರಿಸಿ. ಮೈಬಣ್ಣಕ್ಕೆ ಆಕರ್, ಸಿಯೆನ್ನಾ, ಬಿಳಿ; ತುಟಿ, ಕಿವಿಯ ಕಡೆ ಚೂರು ವರ್ಮಿಲಿಯನ್. ನೆರಳಿಗೆ ಬಿಳಿ ಬೇಡ, ಸುಣ್ಣ ಬಳಿದಂತಾಗುತ್ತದೆ. ಕೂದಲು ಹಣೆಗೆ ಸೇರುವ ಗೆರೆಯನ್ನು ಒಣ ಬ್ರಷ್‌ನಿಂದ ಮೆಲ್ಲಗೆ ಸವರಿ ಮಸುಕು ಮಾಡಿ, ಇಲ್ಲದಿದ್ದರೆ ಟೋಪಿ ಇಟ್ಟಂತೆ ಕಾಣುತ್ತದೆ. ಸೀರೆ, ಒಡವೆ ಸುಮ್ನೆ ಸೂಚಿಸಿದರೆ ಸಾಕು. ಮೂಗಿನ ತುದಿಯ ಹೊಳಪಿನ ಚುಕ್ಕೆ ಕಟ್ಟಕಡೆಗೆ.

ಇನ್ನೊಂದು ಮಾತು. ಕಿಟಕಿ ತೆರೆದಿಡಿ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಕ್ಯಾನ್ವಾಸ್‌ನ ಹಿಂದೆ ‘ರವಿವರ್ಮನ ಚಿತ್ರದ ನಕಲು’ ಎಂದು ಬರೆದು ನಿಮ್ಮ ಹೆಸರು, ತಾರೀಖು ಹಾಕಿ. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಅಷ್ಟರವರೆಗೆ ಇನ್ನೂ 10 ಮುಖ ಬಾಕಿ ಇವೆ, ಅಲ್ವಾ?