ಕಣ್ಣು ನಿಲ್ಲಿಸಿ, ಚೀಟಿ ಸರಿಸಿ

ಸ್ಟಾರ್‌ಗಾರ್ಟ್ ಅನ್ನೋ, ನೋಟದ ನಡುಭಾಗ ಮಬ್ಬಾಗಿಸೋ ಕಣ್ಣಿನ ಕಾಯಿಲೆ ಇರುವವನ ಕೈಗೆ ಕೋಲಾರದ ಟೊಮೆಟೊ ಮಂಡಿ ಲೆಕ್ಕ ಕೊಟ್ಟರೆ ಅಂಗಡಿ ಮುಳುಗಿದಂತೆ ಅಂದವರೇ ಹೆಚ್ಚು. ಈಗ ಬಾಕ್ಸು, ಬಾಡಿಗೆ, ಹಮಾಲಿ ಎಲ್ಲಾ ನಾನೇ ಬರೀತೀನಿ. ತಪ್ಪು ಹುಡುಕೋಕೆ ಬಂದವರು ತಮ್ಮ ಕೂಡಿಕೆ ತಿದ್ದಿಕೊಂಡು ಹೋಗಿದ್ದೂ ಉಂಟು.

ಓರೆನೋಟ ಅಂದರೆ ನೋಡಬೇಕಾದ್ದರ ಪಕ್ಕಕ್ಕೆ ಕಣ್ಣಿಟ್ಟು, ಮಬ್ಬಿಲ್ಲದ ಅಂಚಿನ ನೋಟದಿಂದ ಅದನ್ನು ಕಾಣೋದು. ಕೈಕೊಡೋದು ದಿಕ್ಕು. ಸಾಲಿನ ಎಡಕ್ಕೆ ನೋಟ ಇಟ್ಟರೆ ಮೊದಲ ಅಂಕಿ ಮಬ್ಬಿನೊಳಗೆ ಹೋಗಿ 1,450 ಇದ್ದದ್ದು 450 ಆಗುತ್ತೆ, ಕಳೆದದ್ದೂ ತಿಳಿಯಲ್ಲ. ನನಗೆ ಕೂಡಿಬಂದದ್ದು ಸಾಲಿನ ಮೇಲ್ಗಡೆ ನೋಡೋದು. ಮಬ್ಬು ಮೇಲಕ್ಕೇರಿ, ಸಾಲು ಒತ್ತಕ್ಷರದ ಸಮೇತ ಕೆಳಗೆ ಉಳಿಯುತ್ತೆ. ನಿಮ್ಮ ದಿಕ್ಕು ಬೇರೆ ಇರಬಹುದು. ಗೋಡೆ ಗಡಿಯಾರದ ನಡುವೆ ದಪ್ಪ ಅಕ್ಷರ ಅಂಟಿಸಿ, 12ರಿಂದ ಒಂದೊಂದೇ ಅಂಕಿಯತ್ತ ಕಣ್ಣು ತಿರುಗಿಸಿ. ಯಾವ ಅಂಕಿ ನೋಡುವಾಗ ನಡುವಿನ ಅಕ್ಷರ ಪೂರ್ತಿ ಕಾಣುತ್ತೋ ಅದೇ ದಿಕ್ಕು. ಒಂದೊಂದು ಕಣ್ಣು ಮುಚ್ಚಿ ಎರಡನ್ನೂ ಬೇರೆಬೇರೆ ನೋಡಿ.

ಆಮೇಲೆ ಕಣ್ಣು ಓಡಿಸಬಾರದು. ಅದನ್ನು ಅಲ್ಲೇ ನಿಲ್ಲಿಸಿ ಚೀಟಿಯನ್ನು ಬಲದಿಂದ ಎಡಕ್ಕೆ ಸರಿಸಬೇಕು. ಸಲಕ್ಕೆ ಹತ್ತು ನಿಮಿಷ ಸಾಕು. ಎಳೆದರೆ ತಲೆನೋವು, ಕಣ್ಣು ಮತ್ತೆ ಹಳೇ ಚಾಳಿಗೆ. ಕೈಹಿಡಿಯೋಕೆ ತಿಂಗಳುಗಟ್ಟಲೆ ಬೇಕಾಯ್ತು.

ದುಡ್ಡು ನುಂಗಿದ್ದು ಭೂತಗನ್ನಡಿ. 40 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ), ಹತ್ತುಪಟ್ಟು, ಮೂರು ಸಾವಿರದ ಆಸುಪಾಸು. ಕಾಗದಕ್ಕೆ ಎರಡೂವರೆ ಸೆಂಟಿಮೀಟರಿನಲ್ಲಿ ಹಿಡೀಬೇಕು, ತಲೆಯ ನೆರಳು ಬೀಳುತ್ತೆ, ಮೂರು ಅಂಕಿ ಕಂಡರೆ ಹೆಚ್ಚು. ಕೊನೆಗೆ ಉಳಿದದ್ದು 20 ಡಯಾಪ್ಟರಿನ, ಲೈಟ್ ಇರೋ ಸ್ಟ್ಯಾಂಡ್ ಗಾಜು. ಐದುಪಟ್ಟೇ, ಆದರೆ ಕಾಗದದ ಮೇಲೆ ತಾನೇ ಕೂರುತ್ತೆ, ಕೈ ನಡುಗಿದರೂ ತೊಂದರೆಯಿಲ್ಲ. ಲೆಡ್ಜರನ್ನು ಮನೆಯ ವ್ಯಾಸಪೀಠದ ಮೇಲಿಟ್ಟ ಮೇಲೆ ಕತ್ತುನೋವೂ ಹೋಯ್ತು. ಬರೆಯೋಕೆ ಕಪ್ಪು ಮಾರ್ಕರೇ ಸರಿ, ನೀಲಿ ಬಾಲ್‌ಪೆನ್ ದಂಡ. 3 ಮತ್ತು 8 ಕಲೆಯದ ಹಾಗೆ ನಾನು ಹಾಕೋ ಗುರುತೊಂದಿದೆ. ಅದು ಮಂಡಿಯ ಗುಟ್ಟು, ಇಲ್ಲಿ ಬರೆಯಲ್ಲ.

ಕ್ಯಾರೆಟ್ ತಿನ್ನು ಅನ್ನೋರಿಗೆ ಹೂಂ ಅನ್ನಿ, ಊಟದಲ್ಲಿ ಇದ್ದರೆ ಇರಲಿ. ವಿಟಮಿನ್ ಎ ಮಾತ್ರೆ ಮಾತ್ರ ಮುಟ್ಟಬೇಡಿ. ಈ ಕಾಯಿಲೆಗೆ ಸಾಮಾನ್ಯ ಕಾರಣವಾದ ಎಬಿಸಿಎ4 ಜೀನ್ ಕೆಟ್ಟವರ ರೆಟಿನಾದಲ್ಲಿ (ಕಣ್ಣಿನ ಹಿಂಬದಿಯ ಪರದೆ) ಜಮೆಯಾಗೋದು ಅದರದೇ ಕಸ.

ನೋಟಿಗೂ ಒಂದು ಪ್ರಯೋಗ ಮಾಡಿದೆ. 500ರ ಅಂಚಿನಲ್ಲಿ ಐದು ಉಬ್ಬುಗೆರೆ, 200 ಮತ್ತು 100ಕ್ಕೆ ನಾಲ್ಕು. ಮಂಡಿಯಲ್ಲಿ ಸವೆದು ಒದ್ದೆಯಾದ ನೋಟಿನಲ್ಲಿ ಅವು ಬೆರಳಿಗೆ ಸಿಗಲ್ಲ. ಉದ್ದವೇ ವಾಸಿ: 150, 146, 142 ಮಿಲಿಮೀಟರ್. ರಟ್ಟಿನಲ್ಲಿ ಮೂರು ಮೆಟ್ಟಿಲು ಕತ್ತರಿಸಿ ನೋಟನ್ನು ಅದರ ಮೇಲಿಟ್ಟರೆ ಅಂಚು ಎಲ್ಲಿ ನಿಂತಿತು ಅಂತ ಬೆರಳೇ ಹೇಳುತ್ತೆ. ಹಳೇ ನೂರು ಮಾತ್ರ 157 ಉದ್ದ, ಮೆಟ್ಟಿಲು ದಾಟಿ ಹೋಗುತ್ತೆ. ಅಗಲ 73 ಇರೋದರಿಂದ ಸಿಕ್ಕಿಬೀಳುತ್ತೆ.