ಸೀಟಿಗೆ ಕಾಯುವಾಗಲೇ ವಿದ್ಯಾರ್ಥಿವೇತನದ ದಾಖಲೆ ಸರಿಪಡಿಸಿಕೊಳ್ಳಿ

ಸಿಇಟಿ ಸೀಟು ಹಂಚಿಕೆಗೆ ಕಾಯುತ್ತಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಯ ಪೋಷಕರೇ, ಈ ದಿನಗಳನ್ನು ಸುಮ್ಮನೆ ಕಳೆಯಬೇಡಿ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಪ್ರವೇಶ ಆದ ಮೇಲೆಯೇ. ಆದರೆ ಅರ್ಜಿ ಕೈಕೊಡುವುದು ದಾಖಲೆಗಳ ವಿಚಾರದಲ್ಲಿ, ಅವನ್ನು ಈಗಲೇ ಸರಿಪಡಿಸಿಕೊಳ್ಳಬಹುದು.

ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಹೊರತೆಗೆದು, ಅದರ ಅವಧಿ ಮುಗಿದಿದೆಯೇ ನೋಡಿ. ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು. ನಂತರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಅಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದರಲ್ಲಿ ‘ಬಸವರಾಜ ಎಚ್’, ಇನ್ನೊಂದರಲ್ಲಿ ‘ಬಸವರಾಜ ಹನುಮಂತಪ್ಪ’ ಎಂದಿದ್ದರೆ ಈಗಲೇ ತಿದ್ದಿಸಿ.

ಇನ್ನೊಂದು ಮುಖ್ಯ ವಿಷಯ ಬ್ಯಾಂಕ್ ಖಾತೆ. ಹಣ ಬರುವುದು ಮಗುವಿನ ಆಧಾರ್ ಜೋಡಣೆಯಾದ ಖಾತೆಗೆ. ಕೆವೈಸಿ ಕೊಟ್ಟ ಮಾತ್ರಕ್ಕೆ ಜೋಡಣೆ ಆಗಿದೆ ಎಂದುಕೊಳ್ಳಬೇಡಿ. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದೇ, ಅಂದರೆ ಆಧಾರ್ ಮೂಲಕ ಬರುವ ಸರ್ಕಾರಿ ಹಣ ಈ ಖಾತೆಗೇ ಬೀಳುವಂತೆ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಂತ ಖಾತೆಯಾದರೆ ಮೊದಲು ಚಾಲನೆ ಮಾಡಿಸಿ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಅರ್ಹತಾ ಪ್ರಮಾಣಪತ್ರ ನಮ್ಮ ಮಕ್ಕಳಿಗೆ ಸೀಟಿನ ಮೀಸಲಾತಿಗೆ ಬೇಕಾದದ್ದು. ಅದು ಆದಾಯ ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ.

ಶಿಕ್ಷಣ ಸಾಲದ ಯೋಚನೆ ಇದ್ದವರು ಈಗಲೇ ಬ್ಯಾಂಕಿಗೆ ಹೋಗಿ ಮಾತನಾಡಿ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸಾಮಾನ್ಯವಾಗಿ ಹೊಲ, ಮನೆ ಅಡವಿಡಬೇಕಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಬಡ್ಡಿ ಸಾಲಕ್ಕೆ ಬೀಳುವುದು ನೋಡಿದರೆ ಸಂಕಟವಾಗುತ್ತದೆ.